ನರ ಹುಡುಕುವವಳ ಎಂಬಿಬಿಎಸ್

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರನ್ನು ಕಂಡರೂ ಮುಖ ನೋಡುವ ಮೊದಲು ಅವರ ಮೊಣಕೈಯ ಒಳಬದಿಯನ್ನು ನೋಡುತ್ತೇನೆ. ಮದುವೆ ಮನೆಯಲ್ಲಿ ಉಳಿದ ಹೆಂಗಸರು ವಧುವಿನ ಸೀರೆ, ಸರ ಎಂದು ಮೇಲಿನಿಂದ ಕೆಳಗೆ ಅಳೆಯುತ್ತಿದ್ದರೆ ನಾನು ಅವಳ ತೋಳಿನ ಮಡಿಕೆಯಲ್ಲಿ ನೀಲಿ ಗೆರೆಯೇನಾದರೂ ಕಾಣುತ್ತದೆಯೇ ಎಂದು ಕತ್ತು ಉದ್ದ ಮಾಡುತ್ತಿರುತ್ತೇನೆ. ಸಿಟಿ ಬಸ್ಸಿನಲ್ಲಂತೂ ನನಗೆ ಹಬ್ಬ. ಜನರೆಲ್ಲ ಮೇಲಿನ ಸರಳು ಹಿಡಿದು ಕೈ ಚಾಚಿ ನಿಂತಿರುತ್ತಾರೆ, ಅಂಗಿಯ ತೋಳು ಜಾರಿರುತ್ತದೆ, ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಒಳ್ಳೊಳ್ಳೆಯವು ಉಬ್ಬಿ ಮೇಲೆ ಬರುತ್ತವೆ. ಒಮ್ಮೆ ನಂತೂರಿನ ಹತ್ತಿರ ಒಬ್ಬರು ನನ್ನ ನೋಟವನ್ನು ಗಮನಿಸಿ, "ಎಂತ ನೋಡ್ತಾ ಇದ್ದೀರಿ?" ಎಂದು ಕೇಳಿಯೇ ಬಿಟ್ಟರು. "ಎಂತ ಇಲ್ಲ, ನಿಮ್ಮ ನರ ಭಾರೀ ಒಳ್ಳೆದುಂಟು" ಎಂದೆ. ಅವರು ಮುಂದಿನ ಸ್ಟಾಪಿನಲ್ಲಿ ಇಳಿದುಹೋದರು. ಅದು ಅವರ ಸ್ಟಾಪ್ ಆಗಿರಲಿಕ್ಕಿಲ್ಲ.

ಈ ಅಭ್ಯಾಸಕ್ಕೆ ಕಾರಣ ನನ್ನ ಹಳೆಯ ಕೆಲಸ. ಕದ್ರಿಯ ಒಂದು ಸಣ್ಣ ಲ್ಯಾಬಿನಲ್ಲಿ ಇಪ್ಪತ್ತೊಂದು ವರ್ಷ ನಾನು ಜನರ ರಕ್ತ ತೆಗೆದವಳು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದರೆ ಖಾಲಿ ಹೊಟ್ಟೆಯ, ಅದಕ್ಕೇ ಕೆಟ್ಟ ಸಿಟ್ಟಿನ ಜನ ಸಾಲಾಗಿ ಕುಳಿತಿರುತ್ತಿದ್ದರು. ಹೆಸರು ಕೇಳಿದರೆ ನೆನಪಾಗದ, ಮುಖ ನೋಡಿದರೂ ಗುರುತು ಸಿಗದ ಎಷ್ಟೋ ಮಂದಿ ಕೈ ಚಾಚಿದೊಡನೆ ನನಗೆ ನೆನಪಾಗುತ್ತಿದ್ದರು. ಇವರದು ಸೂಜಿ ಕಂಡರೆ ಪಕ್ಕಕ್ಕೆ ಜಾರುವುದು, ಇವರದು ಆಳದಲ್ಲಿರುವುದು, ಇವರದಕ್ಕೆ ಬಲಗೈಯೇ ಬೇಕು. ಮುಖ ಮರೆತೇನು, ನರ ಮರೆಯುವುದಿಲ್ಲ ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬದ ಕಥೆ ಆಮೇಲೆ ಬರುತ್ತದೆ.

ಮೊದಲು ಈ 'ನರ' ಎಂಬ ಪದದ ವಿಚಾರ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಮಾನ ಹೋದದ್ದು ಅದರಿಂದಲೇ. ನಮ್ಮ ಕಡೆ ನರ ಎಂದರೆ ಎಲ್ಲವೂ. ರಕ್ತ ತೆಗೆಯುವಾಗ ಸಿಗಬೇಕಾದದ್ದು ನರ. ಸಿಟ್ಟು ಬಂದಾಗ ಹಣೆಯಲ್ಲಿ ಉಬ್ಬುವುದು ನರ. ವಯಸ್ಸಾದವರ ಕಾಲಿನಲ್ಲಿ ಗಂಟುಗಂಟಾಗುವುದು ನರ. ಮಲಗಿ ಏಳುವಾಗ ಕುತ್ತಿಗೆಯಲ್ಲಿ ಹಿಡಿದುಕೊಳ್ಳುವುದೂ ನರವೇ. ತುಳುವಿನಲ್ಲಿಯೂ ನರ, ಕನ್ನಡದಲ್ಲಿಯೂ ನರ. ಇಪ್ಪತ್ತೊಂದು ವರ್ಷ "ನರ ಸಿಗ್ತಾ ಇಲ್ಲ, ಮುಷ್ಟಿ ಗಟ್ಟಿ ಹಿಡೀರಿ" ಎಂದು ಹೇಳಿಕೊಂಡು ಬಂದವಳಿಗೆ ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ರೋಗಿಗೂ ಅರ್ಥವಾಗುತ್ತಿತ್ತು, ರಕ್ತವೂ ಬರುತ್ತಿತ್ತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಿಕರ್ನಕಟ್ಟೆಯ ಕಡೆಯಿಂದ ಒಬ್ಬರು ಕೊಂಕಣಿ ಅಜ್ಜಿ ಹತ್ತು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಗಲಾಟೆ ಮಾಡದೆ ರಕ್ತ ಕೊಟ್ಟರೆ ಬಾಲ ಯೇಸುವಿಗೆ ಮೇಣದ ಬತ್ತಿ ಹಚ್ಚುತ್ತೇನೆಂದು ಅಜ್ಜಿಯ ಹರಕೆ. ನಾನು ಸೂಜಿ ತೆಗೆದದ್ದೇ ತಡ, ಹುಡುಗಿ ನನ್ನ ಬಲಗೈಯ ಮಣಿಕಟ್ಟಿಗೆ ಬಾಯಿ ಹಾಕಿ ಕಚ್ಚಿಹಿಡಿದಳು. ಆ ಗುರುತು ಇವತ್ತಿಗೂ ಉಂಟು, ಗಡಿಯಾರದ ಪಟ್ಟಿಯ ಕೆಳಗೆ. ನನಗೆ ಬೇರೆ ಉಪಾಯ ತೋಚದೆ, "ಮೀನು ತಿಂತೀಯಾ? ಏಳು ಮೀನಿನ ಹೆಸರು ಹೇಳು ನೋಡುವ" ಎಂದೆ. ಹೆಸರು ಹೇಳಬೇಕಾದರೆ ಬಾಯಿ ಬಿಡಬೇಕಲ್ಲ! ಹುಡುಗಿ ಬಿಟ್ಟಳು. ಬಂಗುಡೆ, ಬೂತಾಯಿ, ಅಂಜಲ್, ಕಾಣೆ, ಎಂದು ಶುರುಮಾಡಿ, ಏಳನೆಯದಕ್ಕೆ ಬರುವಾಗ ಮತ್ತೊಮ್ಮೆ ಕಾಣೆ ಎಂದಳು. "ಕಾಣೆ ಎರಡು ಸಲ ಆಯ್ತು, ಮೋಸ ಉಂಟಾ?" ಎಂದು ನಾನು ಕಣ್ಣು ಬಿಟ್ಟಾಗ ಅವಳು ನಕ್ಕಳು, ಅಷ್ಟು ಹೊತ್ತಿಗೆ ಸೂಜಿ ಒಳಗೆ ಹೋಗಿ ಹೊರಗೂ ಬಂದಾಗಿತ್ತು. ಎಡಗೈಯಲ್ಲಿ ಚಂದದ ನರ, ಇಂಗ್ಲಿಷಿನ ವೈ ಅಕ್ಷರದ ಹಾಗೆ ಕವಲೊಡೆದದ್ದು, ಕವಲಿನ ಪಕ್ಕದಲ್ಲಿ ಎಳ್ಳಿನಷ್ಟು ದೊಡ್ಡ ಮಚ್ಚೆ. ಹೋಗುವಾಗ ಅಜ್ಜಿ ನನ್ನನ್ನು ಬದಿಗೆ ಕರೆದು, "ಕಚ್ಚಿದ್ದು ಗಲಾಟೆಗೆ ಸೇರ್ತದಾ ಮಗಳೇ?" ಎಂದು ಕೇಳಿದರು. "ಶಬ್ದ ಬರಲಿಲ್ಲ ಅಲ್ವಾ, ಸೇರುದಿಲ್ಲ" ಎಂದು ನಾನೇ ತೀರ್ಪು ಕೊಟ್ಟೆ.

ಮೀನಿನ ಹೆಸರಿನ ಉಪಾಯ ನನ್ನದಲ್ಲ, ಅಮ್ಮನದು. ನಮ್ಮದು ಕಡಲ ಬದಿಯ ಮೀನುಗಾರರ ಮನೆ. ಅಪ್ಪ ದೋಣಿಯಲ್ಲಿ ಹೋಗುತ್ತಿದ್ದರು, ಅಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಕದ್ರಿ ಗುಡ್ಡದ ಮನೆಮನೆಗೆ ಮೀನು ಮಾರುತ್ತಿದ್ದಳು. ರಜೆಯಲ್ಲಿ ನಾನೂ ಅವಳ ಹಿಂದೆ. ಆ ಮನೆಗಳಲ್ಲಿ ಗೇಟಿಗೊಂದು ನಾಯಿ. ನಾಯಿ ಕಂಡರೆ ನನ್ನ ನಾಲಿಗೆ ಅಂಟಿಕೊಳ್ಳುತ್ತಿತ್ತು. ಆಗ ಅಮ್ಮ ಬುಟ್ಟಿಯ ಕೆಳಗಿನಿಂದಲೇ, "ಮೀನಿನ ಹೆಸರು ಹೇಳು, ನಿಲ್ಲಿಸ್ಬೇಡ" ಎನ್ನುತ್ತಿದ್ದಳು. ಬಂಗುಡೆ ಬೂತಾಯಿ ಎಂದು ಮಂತ್ರದ ಹಾಗೆ ಹೇಳುತ್ತಾ ನಾನು ಗೇಟು ದಾಟುತ್ತಿದ್ದೆ. ನಾಯಿಗಳಿಗೆ ನನ್ನ ಮಂತ್ರದ ಮೇಲೆ ಆಸಕ್ತಿ ಇರಲಿಲ್ಲ, ಅವು ಬುಟ್ಟಿಯನ್ನೇ ನೋಡುತ್ತಿದ್ದವು ಎನ್ನುವುದು ನನಗೆ ತಿಳಿದದ್ದು ಎಷ್ಟೋ ಸಮಯದ ಮೇಲೆ.

ಇರಲಿ, ಲ್ಯಾಬಿಗೆ ಬರುತ್ತೇನೆ. ಅಲ್ಲಿ ನನ್ನ ಬಾಯಿಂದ ದಿನಕ್ಕೆ ನೂರು ಸಲ ಬರುತ್ತಿದ್ದ ಇನ್ನೊಂದು ಮಾತಿತ್ತು. ಜನ ವರದಿ ತೆಗೆದುಕೊಂಡು, ಅದನ್ನು ಹಿಂದೆ ಮುಂದೆ ತಿರುಗಿಸಿ, ಕೊನೆಗೆ ನನ್ನ ಮುಂದೆಯೇ ಹಿಡಿದು, "ಎಂತ ಉಂಟು ಇದರಲ್ಲಿ?" ಎಂದು ಕೇಳುತ್ತಿದ್ದರು. ಹೇಳುವ ಅಧಿಕಾರ ನನಗಿಲ್ಲ. "ಡಾಕ್ಟರ್ ಹತ್ತಿರ ಕೇಳಿ" ಎನ್ನುತ್ತಿದ್ದೆ. ಕೆಲವು ಸಲ ಅದರಲ್ಲಿ ಏನಿದೆ ಎಂಬುದು ನನಗೆ ಗೊತ್ತಿರುತ್ತಿತ್ತು, ಆಗ ಆ ಮಾತು ಹೇಳುವುದು ಇನ್ನೂ ಕಷ್ಟ. ಬಂದರಿನಲ್ಲಿ ಅಂಗಡಿ ಇದ್ದ ಒಬ್ಬ ಬ್ಯಾರಿ ಅಜ್ಜ ಒಮ್ಮೆ ಕುರ್ಚಿಯಿಂದ ಏಳದೆ ಹಾಗೆಯೇ ಕೂತುಬಿಟ್ಟರು. "ಹತ್ತು ವರ್ಷದಿಂದ ನನ್ನ ರಕ್ತ ತೆಗೆಯುದು ನೀನು. ಅದರಲ್ಲಿ ಎಂತ ಉಂಟು ಅಂತ ಹೇಳ್ಲಿಕ್ಕೆ ಬೇರೆಯವರು ಬೇಕಾ? ನೀನೇ ಡಾಕ್ಟರ್ ಆಗಿದ್ರೆ ಎಂತ ಆಗ್ತಿತ್ತು ಮಾರಾಯ್ತಿ?" ಎಂದರು. ಅವರು ಹೇಳಿದ್ದು ತಮಾಷೆಗೆ. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ. ಪಿಯುಸಿ ಮುಗಿಸಿದಾಗ ನನಗೂ ಅದೇ ಆಸೆಯಿತ್ತು. ಮನೆಗೆ ಬೇಗ ಆಸರೆಯಾಗಬೇಕೆಂದು ಲ್ಯಾಬ್ ಕೋರ್ಸ್ ಮಾಡಿದೆ, ಆಸೆಯನ್ನು ಮಡಚಿಟ್ಟೆ. ಅದು ಇನ್ನೂ ಇಟ್ಟಲ್ಲೇ ಇದೆ ಎಂದು ಗೊತ್ತಾದದ್ದು ಆ ದಿನ.

ಮೆಡಿಕಲ್ ಪ್ರವೇಶ ಪರೀಕ್ಷೆಗೆ ಈಗ ವಯಸ್ಸಿನ ಮೇಲ್ಮಿತಿ ಇಲ್ಲ ಎಂದು ಪತ್ರಿಕೆಯಲ್ಲಿ ಓದಿದ್ದೆ. ಎರಡು ವರ್ಷ, ಕೆಲಸದ ಮೊದಲು ಮತ್ತು ಕೆಲಸದ ನಂತರ, ಓದಿದೆ. ಮೊದಲ ಸಲ ಸಿಗಲಿಲ್ಲ, ಎರಡನೆಯ ಸಲ ಸರಕಾರಿ ಕೋಟಾದಲ್ಲಿ ಊರಿನಲ್ಲಿಯೇ ಸೀಟು ಸಿಕ್ಕಿತು. ನನ್ನ ಗಂಡನಿಗೆ ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಯ ಹತ್ತಿರ ಐಸ್ ಪ್ಲಾಂಟಿನಲ್ಲಿ ಕೆಲಸ. ಹೆಚ್ಚು ಮಾತಿನವರಲ್ಲ. "ಒಳ್ಳೆದಾಯ್ತು, ಬೈಕಿನಲ್ಲಿ ನಾನೇ ಬಿಡ್ತೇನೆ" ಎಂದರು. ಅಪ್ಪ ಹೋದ ಮೇಲೆ ಅಮ್ಮ ಬಿಕರ್ನಕಟ್ಟೆಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಎಪ್ಪತ್ತಾದರೂ ಬೆಳಿಗ್ಗೆ ರಸ್ತೆ ಬದಿಯಲ್ಲಿ ಕೂತು ಮೀನು ಮಾರದಿದ್ದರೆ ಅವಳಿಗೆ ದಿನ ಹೋಗುವುದಿಲ್ಲ. "ಎಷ್ಟು ವರ್ಷ ಓದ್ಲಿಕ್ಕುಂಟು?" ಎಂದಳು. "ಐದೂವರೆ." "ನನ್ನ ಗಂಟು ನೋವು ಅಲ್ಲಿವರೆಗೆ ಕಾಯ್ತದೆ. ಹೋಗು."

ಕಾಲೇಜಿಗೆ ಸೇರುವಾಗ ರ‍್ಯಾಗಿಂಗ್ ಮಾಡುವುದಿಲ್ಲ ಎಂಬ ಮುಚ್ಚಳಿಕೆಗೆ ವಿದ್ಯಾರ್ಥಿಯ ಜೊತೆ ಪೋಷಕರೂ ಸಹಿ ಹಾಕಬೇಕು. ನಲವತ್ತೆರಡು ವರ್ಷದ ನನ್ನ ಪರವಾಗಿ ಅಮ್ಮ ಸಹಿ ಹಾಕಬೇಕಾಯಿತು. ರ‍್ಯಾಗಿಂಗ್ ಎಂದರೇನೆಂದು ನಾನು ವಿವರಿಸಿದ ಮೇಲೆ ಅವಳು ಪೆನ್ನು ಕೆಳಗಿಟ್ಟು ಗುಮಾಸ್ತರಿಗೆ, "ಇವಳ ಗ್ಯಾರಂಟಿ ನಾನು ಹೇಗೆ ಕೊಡುದು? ತಮ್ಮನನ್ನು ಅಳಿಸಿ ಅಳಿಸಿ ದೊಡ್ಡವಳಾದವಳು" ಎಂದಳು. ಫಾರಂನಲ್ಲಿ ಪೋಷಕರ ಮೊಬೈಲ್ ನಂಬರ್ ಎಂಬಲ್ಲಿ ಅಮ್ಮನ ನಂಬರನ್ನೇ ಬರೆದೆವು. ಅದು ಮುಂದೆ ಏನು ಮಾಡೀತು ಎಂದು ಆಗ ಯೋಚಿಸಲಿಲ್ಲ.

ಮೊದಲ ದಿನ ಗೇಟಿನ ಕಾವಲುಗಾರ ನನ್ನನ್ನು ನೋಡಿದೊಡನೆ, "ಪೇರೆಂಟ್ಸ್ ಆ ಕಡೆ" ಎಂದು ಕೈ ತೋರಿಸಿದ. ನಾನು ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ಹೇಳಿದ್ದನ್ನು ಕೇಳಿ ಆ ಕಡೆಗೇ ಹೋದೆ. ಹೆತ್ತವರೆಲ್ಲ ಕುಳಿತಿದ್ದ ಹಾಲ್ ಅದು. ನಿಜ ಹೇಳುತ್ತೇನೆ, ಒಂದು ಗಂಟೆ ಬಹಳ ಚೆನ್ನಾಗಿ ಕಳೆಯಿತು. ಎಲ್ಲರೂ ನನ್ನ ವಯಸ್ಸಿನವರು, ಎಲ್ಲರಿಗೂ ಸೊಂಟ ನೋವು. ದಾವಣಗೆರೆಯ ಒಬ್ಬರು ಚಕ್ಕುಲಿ ಕೊಟ್ಟರು. ಬಜಪೆಯಿಂದ ಬಂದಿದ್ದ ಒಬ್ಬ ತಾಯಿ, "ನಿಮ್ಮದು ಹುಡುಗನಾ ಹುಡುಗಿಯಾ?" ಎಂದು ಕೇಳಿದಾಗಲೇ ನನಗೆ ಎಚ್ಚರವಾದದ್ದು. "ನನ್ನದು ನಾನೇ" ಎಂದು ಚಕ್ಕುಲಿ ಹಿಡಿದುಕೊಂಡೇ ತರಗತಿಗೆ ಓಡಿದೆ. ಆ ತಾಯಿಯ ಮಗಳು ರಿಝಾ. ಶವಛೇದನದ ಮೇಜಿನಲ್ಲಿ ನನ್ನ ಪಕ್ಕಕ್ಕೆ ಬಂದವಳು ಅವಳೇ. ಒಂದು ದಿನ ಆಂಟಿ, ಇನ್ನೊಂದು ದಿನ ಮೇಡಂ ಎಂದು ಕರೆದು ನೋಡಿ, ಕೊನೆಗೆ ಸುಮತಿಯಕ್ಕ ಎಂಬಲ್ಲಿಗೆ ಬಂದು ನಿಂತಳು.

ಆ ಮೇಜಿನ ಮುಂದೆ ನಾವೆಲ್ಲ ಕೈಮುಗಿದು ಪ್ರತಿಜ್ಞೆ ಮಾಡಿದೆವು, ತಮ್ಮ ದೇಹವನ್ನು ನಮ್ಮ ಕಲಿಕೆಗೆ ಕೊಟ್ಟವರನ್ನು ಗೌರವದಿಂದ ಕಾಣುತ್ತೇವೆ ಎಂದು. ಆಮೇಲೆ ಹೆಚ್ಚಿನವರು ಒಂದು ಹೆಜ್ಜೆ ಹಿಂದೆ ಸರಿದರು, ನಾನು ಚಾಕು ಕೈಗೆತ್ತಿಕೊಂಡೆ. ಚರ್ಮದ ಕೆಳಗಿನ ತೆಳುವಾದ ಪೊರೆಯನ್ನು ಹರಿಯದೆ ಬಿಡಿಸುವುದು ನನಗೆ ಸುಲಭವಾಗಿ ಬಂತು. "ಹೇಗೆ ಸುಮತಿಯಕ್ಕಾ?" ಎಂದು ರಿಝಾ ಬೆರಗಾದಾಗ ನಾನು ಏನೂ ಗೊತ್ತಿಲ್ಲದವಳ ಹಾಗೆ ನಕ್ಕೆ, ಒಳಗೊಳಗೆ ಮಾತ್ರ ಬಲೂನಿನ ಹಾಗೆ ಉಬ್ಬಿದ್ದೆ. ಮನೆಗೆ ಬಂದರೆ ಅಮ್ಮ ಮೂಗು ಮುಚ್ಚಿಕೊಂಡಳು. "ಎಂತ ವಾಸನೆ ಮಾರಾಯ್ತಿ, ಹೊರಗೇ ಸ್ನಾನ ಮಾಡಿ ಬಾ." ಶವ ಕೆಡದ ಹಾಗೆ ಹಾಕುವ ಫಾರ್ಮಲಿನ್ ಎಂದು ವಿವರಿಸಿದೆ. ಐವತ್ತು ವರ್ಷ ಮೀನಿನ ಬುಟ್ಟಿ ಹೊತ್ತವಳು, ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿದರೆ ಜಗಳಕ್ಕೆ ನಿಲ್ಲುತ್ತಿದ್ದವಳು, ನನ್ನ ವಾಸನೆಗೆ ಊದುಬತ್ತಿ ಹಚ್ಚಿದಳು.

ಮೊದಲ ಇಂಟರ್ನಲ್ ಪರೀಕ್ಷೆ ಬಂತು. ಅಂಗರಚನೆಯಲ್ಲಿ ಮೇಜಿನಿಂದ ಮೇಜಿಗೆ ಹೋಗಿ, ಗುಂಡುಸೂಜಿ ಚುಚ್ಚಿದ ಭಾಗದ ಹೆಸರು ಬರೆಯಬೇಕು. ಗಂಟೆ ಹೊಡೆದರೆ ಮುಂದಕ್ಕೆ. ಮೊಣಕೈಯ ಒಳಬದಿಯ ಮೇಜಿನ ಮುಂದೆ ನಿಂತಾಗ ನನಗೆ ನಗು ಬಂತು. ಇದನ್ನೂ ಕೇಳುತ್ತಾರಾ? ನನ್ನ ಅನ್ನ ನಡೆದದ್ದೇ ಇದರಿಂದ! ಬರೆದೆ. ಅದರ ಮೇಲಿನದನ್ನೂ ಬರೆದೆ, ಬದಿಯದನ್ನೂ ಬರೆದೆ.

ಉತ್ತರ ಪತ್ರಿಕೆ ಕೊಡುವ ದಿನ ಲವೀನಾ ಮೇಡಂ ತರಗತಿಗೆ ಬಂದರು. ಅಂಗರಚನಾ ವಿಭಾಗದಲ್ಲಿ ನಮ್ಮ ಬ್ಯಾಚಿನ ಜವಾಬ್ದಾರಿ ಅವರದು. ಮೂವತ್ತು ಮೂವತ್ತೊಂದು ವರ್ಷ ಇರಬಹುದು, ಕುತ್ತಿಗೆವರೆಗೆ ಬಟನ್ ಹಾಕಿದ ಉದ್ದ ತೋಳಿನ ಬಿಳಿ ಕೋಟು, ನಗು ಕಡಿಮೆ. "ಈ ಕ್ಲಾಸಿನಲ್ಲಿ ಒಬ್ಬರು ಪ್ರಪಂಚದಲ್ಲಿ ಇಷ್ಟರವರೆಗೆ ಯಾರೂ ಕಂಡುಹಿಡಿಯದ ಮೂರು ನರ್ವ್ ಕಂಡುಹಿಡಿದಿದ್ದಾರೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪತ್ರಿಕೆ ಕೈಗೆ ಬಂದ ಮೇಲೆ ನಗು ನಿಂತಿತು. ಮೀಡಿಯನ್ ಕ್ಯೂಬಿಟಲ್ ನರ್ವ್. ಸೆಫಾಲಿಕ್ ನರ್ವ್. ಬೆಸಿಲಿಕ್ ನರ್ವ್. ಮೂರೂ ಮೆದುಳಿನ ಸಂದೇಶ ಒಯ್ಯುವ ನರ್ವ್ ಅಲ್ಲ, ರಕ್ತ ಹರಿಯುವ ವೇನ್‌ಗಳು. ವೇನ್ ಎಂಬ ಪದ ನನಗೆ ಗೊತ್ತಿಲ್ಲ ಎಂದಲ್ಲ. ಆದರೆ ಗಂಟೆ ಹೊಡೆಯುವಾಗ, ಹೆದರಿಕೆಯಲ್ಲಿ, ನನ್ನ ತಲೆ ಮೊದಲು ತುಳುವಿನಲ್ಲಿ ಯೋಚಿಸುತ್ತದೆ; ಅಲ್ಲಿಂದ ಕನ್ನಡದ ನರಕ್ಕೆ ಬರುತ್ತದೆ; ಅಲ್ಲಿಂದ ಇಂಗ್ಲಿಷಿಗೆ ಹೊರಟ ಬಸ್ಸು ಸೀದಾ ನರ್ವ್‌ನಲ್ಲಿ ಹೋಗಿ ನಿಲ್ಲುತ್ತದೆ. ಮೌಖಿಕದಲ್ಲಿಯೂ ಅದೇ ಕಥೆ. ಪ್ರಶ್ನೆ ಕೇಳಿದೊಡನೆ ಗೇಟಿನ ನಾಯಿ ಕಂಡ ಹಾಗೆ ನಾಲಿಗೆ ಅಂಟಿಕೊಳ್ಳುತ್ತಿತ್ತು. ಎರಡನೆಯ ಇಂಟರ್ನಲ್‌ನಲ್ಲಿ ಮೊದಲಿಗಿಂತ ಎರಡು ಅಂಕ ಕಡಿಮೆಯೇ ಬಂತು.

ಇಂಟರ್ನಲ್‌ಗಳ ಸರಾಸರಿ ಅರ್ಧ ದಾಟದಿದ್ದರೆ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುವಂತಿಲ್ಲ. ಹದಿನೆಂಟರ ಹುಡುಗಿಗೆ ಒಂದು ವರ್ಷ ಹೋದರೆ ಮನೆಯವರ ಬೈಗುಳ ತಿಂದು ಮುಂದಿನ ವರ್ಷ ಬರೆಯಬಹುದು. ನನ್ನ ಕೆಲಸ ಹೋಗಿತ್ತು, ಲ್ಯಾಬಿನ ನನ್ನ ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು. ಉಳಿದದ್ದು ಮೂರನೆಯ ಇಂಟರ್ನಲ್ ಒಂದೇ. ಅದೂ ಹೋದರೆ ಮತ್ತೊಂದು ವರ್ಷ ಮಕ್ಕಳ ಜೊತೆ ಕೂರುವ ಧೈರ್ಯ ನನ್ನಲ್ಲಿ ಇರಲಾರದು ಎಂದು ನನಗೆ ಗೊತ್ತಿತ್ತು. ಇದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳುವ ಕೆಲಸವನ್ನು ಕಾಲೇಜಿನವರೇ ಮಾಡಿದರು, ಅಮ್ಮನ ಮೊಬೈಲಿಗೆ ಇಂಗ್ಲಿಷಿನಲ್ಲಿ ಒಂದು ಮೆಸೇಜ್ ಕಳಿಸಿ.

ಅಮ್ಮ ಅದನ್ನು ಪಕ್ಕದ ಹೋಟೆಲಿನವರ ಹತ್ತಿರ ಓದಿಸಿದಳು. ಪಾಪ, ಅವರು ಗಿರಾಕಿಗಳ ನಡುವೆ ಅರ್ಧಂಬರ್ಧ ಓದಿ ಹೇಳಿದರಂತೆ: "ಮೆಡಿಕಲ್ ಕಾಲೇಜಿಂದ. ನಿಮ್ಮ ವಾರ್ಡ್ ಅಂತ ಉಂಟು. ಬಂದು ಕಾಣ್ಬೇಕಂತೆ." ನಿಮ್ಮ ವಾರ್ಡ್ ಎಂದರೆ ನಿಮ್ಮ ಮಗು ಎಂದು ಕಾಲೇಜಿನವರ ಇಂಗ್ಲಿಷ್. ಅಮ್ಮನಿಗೆ ಗೊತ್ತಿದ್ದದ್ದು ಆಸ್ಪತ್ರೆಯ ವಾರ್ಡ್ ಒಂದೇ. ಮಗಳನ್ನು ವಾರ್ಡಿಗೆ ಸೇರಿಸಿದ್ದಾರೆ! ಮೀನನ್ನು ಹಾಗೆಯೇ ಪಕ್ಕದವಳಿಗೆ ಒಪ್ಪಿಸಿ, ಮನೆಗೆ ಹೋಗಿ ಫ್ಲಾಸ್ಕಿನಲ್ಲಿ ಗಂಜಿ, ಒಂದು ನೈಟಿ, ಒಂದು ಟವೆಲ್ ತೆಗೆದುಕೊಂಡು ಬಸ್ ಹತ್ತಿದಳು. ಆಸ್ಪತ್ರೆಯ ಮೂರು ವಾರ್ಡ್ ಹುಡುಕಿದ ಮೇಲೆ ಯಾರೋ ಪುಣ್ಯಾತ್ಮರು ಅವಳನ್ನು ಅಂಗರಚನಾ ವಿಭಾಗಕ್ಕೆ ತಂದು ಬಿಟ್ಟರು. ಲವೀನಾ ಮೇಡಂ ನನ್ನನ್ನು ಕರೆಸಿದರು. ನಾನು ಓಡಿಹೋದರೆ ಅಮ್ಮ ನನ್ನ ಹಣೆ ಮುಟ್ಟಿ, ಕೈ ಮುಟ್ಟಿ, "ಎಂತಾಯ್ತು? ಎದ್ದು ಓಡಾಡುದು ಯಾಕೆ?" ಎಂದು ಅಳಲು ಶುರುಮಾಡಿದಳು.

"ಅಮ್ಮ, ಹುಷಾರಿಲ್ಲದ್ದಲ್ಲ. ಫೇಲ್ ಆದದ್ದು" ಎಂದೆ.

ಅಮ್ಮ ಕಣ್ಣೊರೆಸಿಕೊಂಡಳು. "ಫೇಲಾ? ಅಷ್ಟೆಯಾ? ದೇವರು ದೊಡ್ಡವನು!" ಎಂದು ಕುರ್ಚಿಯಲ್ಲಿ ಕೂತು ಫ್ಲಾಸ್ಕಿನ ಗಂಜಿಯನ್ನು ತಾನೇ ಒಂದು ಲೋಟ ಕುಡಿದಳು. ಲವೀನಾ ಮೇಡಂ ಮೊದಲ ಬಾರಿಗೆ ನಗುವುದನ್ನು ತಡೆಯಲು ಒದ್ದಾಡಿದ್ದನ್ನು ಕಂಡೆ.

ಮೇಡಂ ತುಳುವಿನಲ್ಲಿಯೇ ಎಲ್ಲ ವಿವರಿಸಿದರು. ಕೈಕೆಲಸ ಚೆನ್ನಾಗಿದೆ, ಆದರೆ ಬಾಯಿ ತೆರೆದರೆ ತಪ್ಪು, ಇಲ್ಲವೇ ಮಾತೇ ಇಲ್ಲ. ಅಮ್ಮ ತಲೆಯಾಡಿಸಿದಳು. "ಇವಳು ಸಣ್ಣದಿರುವಾಗಲೂ ಹಾಗೇ ಮೇಡಂ. ನಾಯಿ ಕಂಡ್ರೆ ಬಾಯಿ ಬಂದ್. ನಾನು ಮೀನಿನ ಹೆಸರು ಹೇಳಿಸ್ತಿದ್ದೆ. ಬಾಯಿ ಓಡ್ಲಿಕ್ಕೆ ಶುರು ಆದ್ರೆ ಮತ್ತೆ ತೊಂದರೆ ಇಲ್ಲ."

"ಎಂತ ಹೇಳಿಸ್ತಿದ್ರಿ?" ಎಂದರು ಮೇಡಂ.

"ಮೀನಿನ ಹೆಸರು. ಏಳು."

ಮೇಡಂ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ನನ್ನ ಮುಖ ನೋಡಿದರು, ಆಮೇಲೆ ಮೇಜಿನ ಮೇಲಿದ್ದ ನನ್ನ ಬಲಗೈ ನೋಡಿದರು. ನಾಚಿಕೆಯಿಂದ ನಾನು ಕೈಯನ್ನು ಕೆಳಗೆ ಇಳಿಸಿದೆ. ಮೊದಲು ಯಾವ ಲ್ಯಾಬಿನಲ್ಲಿ ಕೆಲಸ ಮಾಡಿದ್ದು, ಯಾವಾಗ ಸೇರಿದ್ದು ಎಂದೆಲ್ಲ ಕೇಳಿದರು, ಹೇಳಿದೆ. "ಮೂರನೆಯದಕ್ಕೆ ಸರಿಯಾಗಿ ಓದಿ ಬನ್ನಿ. ನಾನು ಮಾರ್ಕ್ ದಾನ ಮಾಡುದಿಲ್ಲ" ಎಂದು ಎದ್ದರು.

ಅವತ್ತಿನಿಂದ ಮನೆಯಲ್ಲಿ ನರ ಎಂಬ ಪದಕ್ಕೆ ನಿಷೇಧ ಬಿತ್ತು. ಭಾನುವಾರಗಳಲ್ಲಿ ರಿಝಾ ಬಜಪೆಯಿಂದ ಬರುತ್ತಿದ್ದಳು. ನಾನು ಬಾಯಿತಪ್ಪಿ ನರ ಎಂದಾಗಲೆಲ್ಲ ಡಾಕ್ಟರರು ಕಾಲು ಹಾರುತ್ತದಾ ಎಂದು ನೋಡುವ ಪುಟ್ಟ ಸುತ್ತಿಗೆಯಿಂದ ನನ್ನ ಮೊಣಕಾಲಿಗೆ ಕುಟ್ಟುತ್ತಿದ್ದಳು. "ಅಕ್ಕಾ, ನೀವು ಎಂತ ಮಾರಾಯ್ರೆ! ನಿಮ್ಮ ಕಾಲು ಹಾರುವಷ್ಟು ಬೇಗ ಉತ್ತರ ಹಾರುದಿಲ್ಲವಲ್ಲ." ಅಮ್ಮನೂ ಸುಮ್ಮನಿರಲಿಲ್ಲ. ಸಿಗಡಿ ಸುಲಿಯುತ್ತಾ, ಬೆನ್ನಿನ ಕಪ್ಪು ದಾರವನ್ನು ಎಳೆದು ಎತ್ತಿ ಹಿಡಿದು, "ಹೇಳು ನೋಡುವ, ಇದು ನರ್ವಾ ವೇನಾ?" ಎಂದು ಪರೀಕ್ಷೆ ಮಾಡಿದಳು. ನಮ್ಮ ಕಡೆ ಅದನ್ನೂ ನರ ಎಂದೇ ಹೇಳುವುದು.

"ಎರಡೂ ಅಲ್ಲ ಅಮ್ಮ, ಅದು ಅದರ ಕರುಳು."

ಅಮ್ಮ ಕೈಯಲ್ಲಿದ್ದ ದಾರವನ್ನೇ ನೋಡಿದಳು. "ಹಾಗಾದ್ರೆ ಇಷ್ಟು ವರ್ಷ ನರ ತೆಗೆದು ಕೊಡ್ತೇನೆ ಅಂತ ನಾನು ಊರಿಗೆಲ್ಲ ಸುಳ್ಳು ಹೇಳಿದ್ದಾ?" ಎಂದಳು. ಅವಳಿಗೆ ನನ್ನ ಕಷ್ಟ ಸರಿಯಾಗಿ ಅರ್ಥವಾದದ್ದು ಆಗ ಎಂದು ಕಾಣುತ್ತದೆ.

ಮೂರನೆಯ ಇಂಟರ್ನಲ್‌ನ ಬರವಣಿಗೆ ತಕ್ಕಮಟ್ಟಿಗೆ ಚೆನ್ನಾಗಿಯೇ ಆಯಿತು. ಮೌಖಿಕಕ್ಕೆ ಲವೀನಾ ಮೇಡಂ ಮುಂದೆ ಕೂರುವಾಗ ಮಾತ್ರ ನನ್ನ ಬೆನ್ನೆಲ್ಲ ಒದ್ದೆ. ಅವರು ಟ್ರೇಯಲ್ಲಿದ್ದ ಒಂದು ತೋಳಿನ ಮೇಲೆ ಕಡ್ಡಿ ಇಟ್ಟು, "ಇದೆಂತ?" ಎಂದರು. ಗೊತ್ತಿತ್ತು. ಮಧ್ಯಾಹ್ನದ ಬಿಸಿಲಿನಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಆದರೆ ನಾಲಿಗೆ ಅಂಟಿಕೊಂಡಿತು. ಬಿಡಿಸಲು ನೋಡಿದರೆ "ನ..." ಎಂಬ ಶಬ್ದವೇ ಹೊರಗೆ ಬಂದು ಅಲ್ಲಿಯೇ ನಿಂತಿತು. ಆ ಕ್ಷಣದಲ್ಲಿ ಲ್ಯಾಬಿನ ಹಳೆಯ ಕುರ್ಚಿ, ಬಂದರಿನ ಅಜ್ಜ, ಗಂಜಿಯ ಫ್ಲಾಸ್ಕ್ ಎಲ್ಲ ಕಣ್ಣ ಮುಂದೆ ಬಂದವು. ಮುಗಿಯಿತು ಎಂದುಕೊಂಡೆ.

ಮೇಡಂ ಕಡ್ಡಿ ಕೆಳಗಿಟ್ಟರು. "ಸುಮತಿ, ಏಳು ಮೀನಿನ ಹೆಸರು ಹೇಳಿ."

"ಮೇಡಂ?"

"ಹೇಳಿ. ನಿಲ್ಲಿಸ್ಬೇಡಿ."

"ಬಂಗುಡೆ" ಎಂದೆ. "ಬೂತಾಯಿ. ಅಂಜಲ್. ಕಾಣೆ. ನಂಗ್. ಕೊಡ್ಡಾಯಿ." ಏಳನೆಯದು ಯಾವುದು? ಮೀನುಗಾರರ ಮಗಳಿಗೆ ಕಡಲಿನಲ್ಲಿ ಇನ್ನೊಂದು ಮೀನು ಸಿಗಲಿಲ್ಲ. "ಕಾಣೆ" ಎಂದೆ.

"ಕಾಣೆ ಎರಡು ಸಲ ಆಯ್ತು. ಮೋಸ ಉಂಟಾ?"

ನಾನು ತಲೆಯೆತ್ತುವಷ್ಟರಲ್ಲಿ ಅವರು ಟ್ರೇಯನ್ನು ಬದಿಗೆ ಸರಿಸಿ, ತಮ್ಮ ಎಡಗೈಯ ಕೋಟನ್ನು ಮೊಣಕೈ ಮೇಲೆ ಮಡಚಿ, ತೋಳನ್ನು ನನ್ನ ಮುಂದೆ ಮೇಜಿನ ಮೇಲೆ ಚಾಚಿದ್ದರು. ಮುಷ್ಟಿ ಗಟ್ಟಿ ಹಿಡಿದಿದ್ದರು, ನಾನು ಹೇಳದೆಯೇ. ಬಿಳಿ ಚರ್ಮದ ಕೆಳಗೆ ನೀಲಿಯ ವೈ ಅಕ್ಷರ, ಕವಲಿನ ಪಕ್ಕದಲ್ಲಿ ಎಳ್ಳಿನಷ್ಟು ದೊಡ್ಡ ಮಚ್ಚೆ. ಏಳು ತಿಂಗಳು ದಿನಾ ಮುಖ ನೋಡಿದ್ದೆ, ಗುರುತು ಹಿಡಿಯಲಿಲ್ಲ. ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದವು.

"ಇದೆಂತ?" ಎಂದರು.

"ಮೀಡಿಯನ್ ಕ್ಯೂಬಿಟಲ್ ವೇನ್, ಮೇಡಂ." ಮತ್ತೆ ಬಾಯಿ ನಿಲ್ಲಲಿಲ್ಲ. ಇದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಸೇರುತ್ತದೆ, ಇದರ ಕೆಳಗೆ ಯಾವ ಪೊರೆ, ಪೊರೆಯ ಕೆಳಗೆ ಯಾವ ಧಮನಿ, ಅದರ ಪಕ್ಕದಲ್ಲಿ ನಿಜವಾದ ನರ ಯಾವುದು, ಸೂಜಿ ಆಳಕ್ಕೆ ಹೋದರೆ ಏನಾಗುತ್ತದೆ ಎಲ್ಲವನ್ನೂ ಹೇಳಿದೆ. ಮೇಡಂ ಕೇಳುತ್ತಾ ಹೋದರು, ಸುಲಭದ್ದನ್ನೇನೂ ಕೇಳಲಿಲ್ಲ. ಒಂದೆರಡು ತಪ್ಪಿತು, ಅದನ್ನು ತಪ್ಪು ಎಂದೇ ಹೇಳಿದರು. ಕೊನೆಗೆ ಕೋಟಿನ ತೋಳು ಇಳಿಸತೊಡಗಿದಾಗ ನಾನು ತಡೆಯಲಾರದೆ, "ಮೇಡಂ, ಆ ದಿನ ಕಚ್ಚಿದ್ದು..." ಎಂದೆ.

"ಎಕ್ಸಾಮಿನರಿಗೆ ಪ್ರಶ್ನೆ ಕೇಳ್ಲಿಕ್ಕಿಲ್ಲ. ನೆಕ್ಸ್ಟ್ ರೋಲ್ ನಂಬರ್" ಎಂದು ಅವರು ಬಾಗಿಲ ಕಡೆ ಕರೆದರು. ನಾನು ಎದ್ದು ಹೋಗುವಾಗ ಮಾತ್ರ ತಲೆಯೆತ್ತದೆಯೇ, "ಅಜ್ಜಿ ಮೇಣದ ಬತ್ತಿ ಹಚ್ಚಿದ್ರು" ಎಂದರು.

ನಾಲ್ಕು ದಿನ ಕಳೆದ ಮೇಲೆ, ಸಂಜೆ, ನಾನು ಅಡುಗೆಮನೆಯ ಮೇಜಿನಲ್ಲಿ ಪುಸ್ತಕ ಹರಡಿಕೊಂಡು ಕೂತಿದ್ದೆ. ಜಗಲಿಯಿಂದ ಅಮ್ಮ ಮೊಬೈಲನ್ನು ಬಿಸಿ ಪಾತ್ರೆಯ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ಬಂದಳು. ಅವತ್ತಿನ ಓಡಾಟದ ನಂತರ ಅವಳು ಇಂಗ್ಲಿಷಿನಲ್ಲಿ ಒಂದೇ ಒಂದು ಪದದ ಗುರುತು ಇಟ್ಟುಕೊಂಡಿದ್ದಾಳೆ, ವಾರ್ಡ್. ಆ ಪದ ಬಂದಿತ್ತು. ಈ ಸಲ ಹೋಟೆಲಿನವರ ಹತ್ತಿರ ಹೋಗದೆ ಸೀದಾ ನನ್ನ ಹತ್ತಿರ ಬಂದಿದ್ದಳು. ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದು, "ಎಂತ ಉಂಟು ಇದರಲ್ಲಿ?" ಎಂದಳು.

ಓದಿದೆ. ಅಂಗರಚನೆ: ಉತ್ತೀರ್ಣ. ಸರಾಸರಿ ಅರ್ಧವನ್ನು ಒಂದು ಕೂದಲಿನಷ್ಟು ದಾಟಿತ್ತು. ನಿಮ್ಮ ವಾರ್ಡ್ ವಾರ್ಷಿಕ ಪರೀಕ್ಷೆಗೆ ಅರ್ಹರು. ಸಂತೋಷದಿಂದ ನನ್ನ ಕಣ್ಣು ಮಂಜಾಯಿತು, ತಲೆ ಒಂದು ಕ್ಷಣ ಪೂರ್ತಿ ಖಾಲಿಯಾಯಿತು. ಆ ಖಾಲಿಯಲ್ಲಿ, ಇಪ್ಪತ್ತೊಂದು ವರ್ಷದ ಅಭ್ಯಾಸಬಲದಿಂದ, ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು:

"ಡಾಕ್ಟರ್ ಹತ್ತಿರ ಕೇಳಿ."

"ಮತ್ತೆ ನಾನೀಗ ಕೇಳಿದ್ದು ಯಾರ ಹತ್ತಿರ?" ಎಂದಳು ಅಮ್ಮ.